ಕಾಂಗೋ ರೆಡ್ ಪುಡಿ: ಬಟ್ಟೆಯಲ್ಲಿ ನಿಲ್ಲದ ಕೆಂಪು, ಪ್ರಯೋಗಾಲಯ ಬಿಟ್ಟುಕೊಡದ ಕೆಂಪು

ನಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದ ಕಪಾಟಿನಲ್ಲಿ ಹಲವು ವರ್ಷಗಳಿಂದ ಜಾಗ ಹಿಡಿದಿರುವ ಕಾಂಗೋ ರೆಡ್ ಪುಡಿಯ ಕುರಿತು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನಾವು ತರಿಸುವುದು 25 ಗ್ರಾಂ ಬಾಟಲಿ. ಒಳಗಿರುವುದು ಇಟ್ಟಿಗೆಯ ಪುಡಿಗಿಂತ ಸ್ವಲ್ಪ ಗಾಢವಾದ ಕಂದುಗೆಂಪು ಪುಡಿ. ಚೀಟಿಯ ಮೇಲೆ ಕಲರ್ ಇಂಡೆಕ್ಸ್ ಎಂಬ ಬಣ್ಣಗಳ ಪಟ್ಟಿಯ ಸಂಖ್ಯೆ 22120 ಎಂದಿರುತ್ತದೆ. ಜವಳಿ ಬಣ್ಣಗಾರರ ಪಟ್ಟಿಯಲ್ಲಿ ಇದೇ ವಸ್ತುವಿನ ಹೆಸರು ಡೈರೆಕ್ಟ್ ರೆಡ್ 28. ಒಣಗಿದ್ದಾಗ ಮಂಕಾಗಿ ಕಾಣುವ ಈ ಪುಡಿಯನ್ನು ಚಮಚದ ತುದಿಯಷ್ಟು ತೆಗೆದು ಒಂದು ಲೀಟರ್ ನೀರಿಗೆ ಹಾಕಿದರೆ, ಕಲಕುವ ಮೊದಲೇ ಕೆಂಪು ಎಳೆಗಳು ತಳದತ್ತ ಇಳಿಯುತ್ತವೆ, ಕಲಕಿದ ಮೇಲೆ ಇಡೀ ಜಾಡಿ ರಕ್ತಗೆಂಪಾಗುತ್ತದೆ. ಇಷ್ಟು ಕಡಿಮೆ ಪುಡಿ ಇಷ್ಟು ನೀರಿಗೆ ಬಣ್ಣ ಕೊಡುವುದನ್ನು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳೊಂದಿಗೆ ನಿಂತು ನೋಡುತ್ತೇನೆ, ಇನ್ನೂ ಬೇಸರವಾಗಿಲ್ಲ.

ಬಣ್ಣದ ಪುಡಿಯೊಂದನ್ನು ವಿಮರ್ಶಿಸಲು ಅದು ಯಾವ ಕೆಲಸಕ್ಕಾಗಿ ಹುಟ್ಟಿತು ಎಂಬುದನ್ನು ಮೊದಲು ನೋಡಬೇಕು. ಕಾಂಗೋ ರೆಡ್ ಹುಟ್ಟಿದ್ದು ಹತ್ತಿ ಬಟ್ಟೆಗಾಗಿ. ಜರ್ಮನಿಯ ಎಲ್ಬರ್‌ಫೆಲ್ಡ್‌ನಲ್ಲಿ ಬೇಯರ್ ಕಂಪನಿಯ ಉದ್ಯೋಗದಲ್ಲಿದ್ದ ಪೌಲ್ ಬಾಟಿಗರ್ ಎಂಬ ರಸಾಯನಜ್ಞ 1883ರಲ್ಲಿ ಇದನ್ನು ಮೊದಲ ಬಾರಿಗೆ ತಯಾರಿಸಿದ. ಕಂಪನಿ ಈ ಕೆಂಪಿನಲ್ಲಿ ಆಸಕ್ತಿ ತೋರಲಿಲ್ಲ. ಆತ ತನ್ನ ಹೆಸರಿನಲ್ಲೇ ಪೇಟೆಂಟ್ ಪಡೆದು ಅದನ್ನು ಬರ್ಲಿನ್ನಿನ ಆಗ್ಫಾ ಕಂಪನಿಗೆ ಮಾರಿದ. ಆಫ್ರಿಕಾದ ನೆಲವನ್ನು ಯುರೋಪಿನ ರಾಷ್ಟ್ರಗಳು ತಮ್ಮತಮ್ಮಲ್ಲಿ ಹಂಚಿಕೊಳ್ಳಲು ನಿಯಮಗಳನ್ನು ಮಾಡಿಕೊಂಡ ಬರ್ಲಿನ್ ಸಮ್ಮೇಳನ 1884ರ ನವೆಂಬರ್‌ನಿಂದ 1885ರ ಫೆಬ್ರುವರಿಯವರೆಗೆ ನಡೆದಿತ್ತು, ಕಾಂಗೋ ಎಂಬ ಹೆಸರು ಆಗ ಜರ್ಮನಿಯಲ್ಲಿ ಎಲ್ಲರ ಬಾಯಲ್ಲೂ ಇತ್ತು. ಆಗ್ಫಾ ಅದೇ ಹೆಸರನ್ನು ತನ್ನ ಹೊಸ ಬಣ್ಣಕ್ಕೆ ಇಟ್ಟಿತು. ಈ ಪುಡಿಗೂ ಕಾಂಗೋ ನದಿಗೂ ಅಲ್ಲಿನ ಜನರಿಗೂ ಬೇರೆ ಯಾವ ಸಂಬಂಧವೂ ಇಲ್ಲ. ಒಂದು ನಾಡಿನ ದೊಡ್ಡ ಸಂಕಟದ ಕಾಲದಲ್ಲಿ ಆ ನಾಡಿನ ಹೆಸರು ಮಾರಾಟದ ಚೀಟಿಯಾಯಿತು ಎಂಬುದನ್ನು ಬಾಟಲಿ ಕೈಗೆತ್ತಿಕೊಂಡಾಗ ವಿದ್ಯಾರ್ಥಿಗಳಿಗೆ ಹೇಳದೆ ಮುಂದುವರಿಯಲು ನನಗೆ ಮನಸ್ಸು ಬರುವುದಿಲ್ಲ.

ಈ ಬಣ್ಣ ಆಗ ಏಕೆ ಅಷ್ಟು ದೊಡ್ಡ ಸುದ್ದಿಯಾಯಿತು ಎಂಬುದು ಹತ್ತಿಯ ಸ್ವಭಾವ ಗೊತ್ತಿದ್ದವರಿಗೆ ಬೇಗ ತಿಳಿಯುತ್ತದೆ. ಉಣ್ಣೆ ಮತ್ತು ರೇಷ್ಮೆ ಪ್ರೋಟೀನಿನ ನಾರುಗಳು. ಆಮ್ಲೀಯ ಬಣ್ಣಗಳು ಅವುಗಳ ಮೇಲೆ ತಾವಾಗಿಯೇ ಕೂರುತ್ತವೆ. ಹತ್ತಿಯೋ ಸೆಲ್ಯುಲೋಸ್. ಅಂದಿನ ಬಹುತೇಕ ಬಣ್ಣಗಳು ಅದರ ಮೇಲೆ ನಿಲ್ಲಬೇಕಾದರೆ ಮೊದಲು ಬಟ್ಟೆಯನ್ನು ಪಟಿಕದಲ್ಲೋ ಟ್ಯಾನಿನ್‌ನಲ್ಲೋ ಅದ್ದಿ ಹದಮಾಡಬೇಕಾಗಿತ್ತು, ಅಂದರೆ ಬಣ್ಣಕ್ಕೂ ನಾರಿಗೂ ನಡುವೆ ವರ್ಣಬಂಧಕವೊಂದು ಬೇಕಾಗಿತ್ತು. ಮಂಜಿಷ್ಠದ ಕೆಂಪನ್ನು ಹತ್ತಿಗೆ ಹಿಡಿಸುವ ಹಳೆಯ ವಿಧಾನಗಳಲ್ಲಿ ಎಣ್ಣೆ, ಪಟಿಕ, ತೊಳೆತ, ಒಣಗಿಕೆ ಎಂದು ವಾರಗಟ್ಟಲೆ ಕೆಲಸವಿರುತ್ತಿತ್ತು. ಕಾಂಗೋ ರೆಡ್ ಈ ಮಧ್ಯವರ್ತಿಯನ್ನೇ ತೆಗೆದುಹಾಕಿತು. ಬಿಸಿನೀರು, ಪುಡಿ, ಉಪ್ಪು, ಬಟ್ಟೆ, ಇಷ್ಟಿದ್ದರೆ ಒಂದು ಗಂಟೆಯೊಳಗೆ ಹತ್ತಿ ಕೆಂಪಾಗುತ್ತಿತ್ತು. ನೇರ ಬಣ್ಣಗಳು ಎಂಬ ದೊಡ್ಡ ಕುಟುಂಬ ಬೆಳೆದದ್ದು ಇದರ ಬೆನ್ನ ಹಿಂದೆಯೇ.

ನೇರವಾಗಿ ಹಿಡಿಯುವ ಈ ಗುಣದ ಗುಟ್ಟು ಅಣುವಿನ ಆಕಾರದಲ್ಲಿದೆ, ಮತ್ತು ನನ್ನ ಮಟ್ಟಿಗೆ ಈ ಬಣ್ಣದ ಎಲ್ಲ ಕಥೆಗಳೂ ಅಲ್ಲಿಂದಲೇ ಹೊರಡುತ್ತವೆ. ಬೆಂಜಿಡಿನ್ ಎಂಬ ಎರಡು ಉಂಗುರಗಳ ಅಮೈನನ್ನು ಮಂಜುಗಡ್ಡೆಯ ತಣ್ಪಿನಲ್ಲಿ ಸೋಡಿಯಂ ನೈಟ್ರೈಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಸೇರಿಸಿದರೆ ಅದರ ಎರಡೂ ತುದಿಗಳು ಡಯಜೋನಿಯಂ, ಅಂದರೆ ಬೇರೆ ಅಣುವಿನೊಂದಿಗೆ ಬೇಗ ಬೆಸೆದುಕೊಳ್ಳುವ ಜೋಡಿ ಸಾರಜನಕದ ಗುಂಪು, ಆಗುತ್ತವೆ. ಆಮೇಲೆ ಪ್ರತಿ ತುದಿಗೂ ಒಂದೊಂದು ನ್ಯಾಫ್ತಿಯೋನಿಕ್ ಆಮ್ಲದ ಅಣು ಬೆಸೆದುಕೊಳ್ಳುತ್ತದೆ. ಪೀಟರ್ ಗ್ರೀಸ್ 1858ರಲ್ಲಿ ಕಂಡುಹಿಡಿದ ಡಯಜೋ ಕ್ರಿಯೆಯನ್ನೇ ಇಲ್ಲಿ ಒಂದೇ ಅಣುವಿನ ಎರಡು ಕಡೆಗಳಲ್ಲಿ ನಡೆಸಲಾಗಿದೆ ಎನ್ನಬಹುದು. ಕೊನೆಗೆ ಸಿಗುವುದು ಎರಡು ಅಜೋ ಸೇತುವೆಗಳಿರುವ (ಜೋಡಿ ಸಾರಜನಕ ಪರಮಾಣುಗಳ ಕೊಂಡಿಗಳಿರುವ), ಅಣುತೂಕ 696.7 ಇರುವ, ಪಟ್ಟಿಯಂತೆ ಉದ್ದವಾಗಿ, ಬಹುಮಟ್ಟಿಗೆ ಚಪ್ಪಟೆಯಾಗಿ ಚಾಚಿಕೊಂಡ ಅಣು. ಸೆಲ್ಯುಲೋಸ್ ಸರಪಳಿಯೂ ಉದ್ದ, ನೇರ. ಒಂದು ಹಲಗೆಯ ಪಕ್ಕ ಇನ್ನೊಂದು ಹಲಗೆಯನ್ನು ಒತ್ತಿ ಇಟ್ಟಂತೆ ಬಣ್ಣದ ಅಣು ಸರಪಳಿಯ ಉದ್ದಕ್ಕೂ ಒರಗಿ ಕೂರುತ್ತದೆ. ಹೈಡ್ರೋಜನ್ ಬಂಧಗಳೂ ಅಣುಗಳ ನಡುವಿನ ದುರ್ಬಲ ಸೆಳೆತಗಳೂ ಸೇರಿ ಅದನ್ನು ಹಿಡಿದಿಡುತ್ತವೆ. ಅಣುವಿನ ಎರಡು ತುದಿಗಳಲ್ಲಿರುವ ಸಲ್ಫೋನೇಟ್ ಗುಂಪುಗಳು ಪುಡಿ ನೀರಿನಲ್ಲಿ ಕರಗುವಂತೆ ಮಾಡುತ್ತವೆ.

ಇಷ್ಟು ಹೇಳಿದ ಮೇಲೆ ಬಟ್ಟೆಯ ಪರೀಕ್ಷೆಗೆ ಬರುತ್ತೇನೆ. ಐದು ಗ್ರಾಂ ಬಿಳಿ ಹತ್ತಿ ನೂಲಿನ ಲಡಿಯನ್ನು ಸಾಬೂನಿನಲ್ಲಿ ಕುದಿಸಿ, ಜಿಡ್ಡು ತೆಗೆದು, ಹಿಂಡಿ ಇಟ್ಟುಕೊಂಡೆ. 200 ಮಿಲಿ ನೀರಿಗೆ 0.1 ಗ್ರಾಂ ಪುಡಿ, ಚಿಟಿಕೆ ಸೋಡಾ, ಒಂದು ಗ್ರಾಂ ಸೋಡಿಯಂ ಸಲ್ಫೇಟ್ ಹಾಕಿ, ಕುದಿಯ ಸಮೀಪದ ಬಿಸಿಯಲ್ಲಿ ಮುಕ್ಕಾಲು ಗಂಟೆ ಲಡಿಯನ್ನು ಮಗುಚುತ್ತಿದ್ದೆ. ಉಪ್ಪಿನ ಕೆಲಸ ಇಲ್ಲಿ ಬಹಳ ಮುಖ್ಯ: ನೀರಿನಲ್ಲಿ ನಾರಿನ ಮೇಲ್ಮೈಯೂ ಬಣ್ಣದ ಅಣುವೂ ಋಣ ವಿದ್ಯುದಂಶ ಹೊತ್ತಿದ್ದು ಒಂದನ್ನೊಂದು ದೂಡುತ್ತವೆ, ಉಪ್ಪು ಆ ದೂಡಾಟವನ್ನು ತಗ್ಗಿಸುತ್ತದೆ. ಉಪ್ಪು ಹಾಕುವ ಮುನ್ನ ಗುಲಾಬಿ ಬಣ್ಣದಲ್ಲಿದ್ದ ನೂಲು, ಹಾಕಿದ ಮೇಲೆ ನಿಮಿಷ ನಿಮಿಷಕ್ಕೂ ಕೆಂಪೇರುತ್ತ ಹೋಯಿತು, ಪಾತ್ರೆಯ ನೀರು ಅಷ್ಟರಮಟ್ಟಿಗೆ ತೆಳುವಾಗುತ್ತ ಬಂತು. ತೊಳೆದು ನೆರಳಿನಲ್ಲಿ ಒಣಗಿಸಿದ ಲಡಿಯ ಕೆಂಪು ನಿಜಕ್ಕೂ ಸುಂದರವಾಗಿತ್ತು. ಕಿತ್ತಳೆಯತ್ತ ತುಸುವೇ ವಾಲಿದ, ತುಂಬಿದ, ಎಲ್ಲ ಕಡೆ ಸಮನಾಗಿ ಹಿಡಿದ ಕೆಂಪು. ಇಷ್ಟಕ್ಕೇ ಪರೀಕ್ಷೆ ಮುಗಿದಿದ್ದರೆ ಪೂರ್ಣ ಅಂಕಗಳನ್ನು ಕೊಡಬಹುದಿತ್ತು.

ಆದರೆ ಬಟ್ಟೆ ಪೆಟ್ಟಿಗೆಯಲ್ಲಿ ಇರುವಂಥದ್ದಲ್ಲ, ಮೈಮೇಲೆ ಇರುವಂಥದ್ದು. ಬಿಸಿ ಸಾಬೂನು ನೀರಿನ ಮೊದಲ ತೊಳೆತಕ್ಕೇ ಲಡಿ ಬಣ್ಣ ಬಿಟ್ಟಿತು, ಜೊತೆಯಲ್ಲಿ ಹಾಕಿದ್ದ ಬಿಳಿ ಚಿಂದಿ ಗುಲಾಬಿಯಾಯಿತು. ನೀರಿನಲ್ಲಿ ಕರಗಿ ಒಳಬಂದದ್ದು ನೀರಿನಲ್ಲಿಯೇ ಹೊರಹೋಗುವುದು ಆಶ್ಚರ್ಯವಲ್ಲ, ಏಕೆಂದರೆ ನಾರಿಗೂ ಬಣ್ಣಕ್ಕೂ ನಡುವೆ ಗಟ್ಟಿಯಾದ ಸಹವೇಲೆನ್ಸಿ ಬಂಧವಿಲ್ಲ. ಕಿಟಕಿಯ ಬಿಸಿಲಿಗೆ ಅರ್ಧ ಮುಚ್ಚಿ ಇಟ್ಟ ಇನ್ನೊಂದು ತುಂಡಿನಲ್ಲಿ ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ನಡುವೆ ಸ್ಪಷ್ಟ ಗೆರೆ ಬಿದ್ದಿತು. ಎಲ್ಲಕ್ಕಿಂತ ದೊಡ್ಡ ಕುಂದು ಬೇರೆ. ಗಾಜಿನ ಕಡ್ಡಿಯ ತುದಿಯಿಂದ ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ಕೆಂಪು ನೂಲಿನ ಮೇಲಿಟ್ಟೆ. ಹನಿ ಬಿದ್ದ ಜಾಗ ಕಣ್ಣೆದುರೇ ನೀಲಿಯಾಯಿತು. ಆ ನೀಲಿ ಎಳೆಯಿಂದ ಎಳೆಗೆ ಹರಡುತ್ತ, ಅಂಚಿನಲ್ಲಿ ನೇರಳೆಯ ಬಳೆಯೊಂದನ್ನು ಬಿಡಿಸಿತು. ಅಡುಗೆಯ ವಿನಿಗರ್ ಹನಿಸಿದಲ್ಲಿ ಕೆಂಪು ಕಂದಿ ನೇರಳೆಗೆ ತಿರುಗಿತು. ಸೋಡಾ ನೀರು ಸವರಿದರೆ ಎರಡೂ ಕಲೆಗಳು ಮತ್ತೆ ಕೆಂಪಾದವು. ಹುಳಿ ತಾಕಿದರೆ, ಬೆವರು ಹತ್ತಿದರೆ ಬಣ್ಣ ಬದಲಿಸುವ ಅಂಗಿಯನ್ನು ಯಾರು ತಾನೇ ನಂಬಿ ತೊಡುತ್ತಾರೆ? ಬಾಳಿಕೆಯ ಬಣ್ಣಗಳು ಬಂದಂತೆಲ್ಲ ಇದು ಹಿಂದೆ ಸರಿಯಿತು. 1956ರಲ್ಲಿ ಮಾರುಕಟ್ಟೆಗೆ ಬಂದ, ಸೆಲ್ಯುಲೋಸಿನೊಂದಿಗೆ ರಾಸಾಯನಿಕ ಬಂಧವನ್ನೇ ಕಟ್ಟಿಕೊಳ್ಳುವ ರಿಯಾಕ್ಟಿವ್ ಬಣ್ಣಗಳ ಪಕ್ಕದಲ್ಲಿ ಇಟ್ಟರೆ ಬಟ್ಟೆಗೆ ಕಾಂಗೋ ರೆಡ್ ಬಳಸಲು ಇಂದು ಯಾವ ಕಾರಣವೂ ಉಳಿದಿಲ್ಲ. ಮುಂದೆ ಹೇಳಲಿರುವ ಇನ್ನೊಂದು ಕಾರಣಕ್ಕಾಗಿ, ಬಳಸಲೂ ಬಾರದು.

ಬಟ್ಟೆಯಲ್ಲಿ ದೋಷವಾದದ್ದೇ ಬೀಕರಿನಲ್ಲಿ ಗುಣವಾಯಿತು. ಆಮ್ಲ ಕಂಡರೆ ಬಣ್ಣ ಬದಲಿಸುವ ವಸ್ತುವೆಂದರೆ ಅದು ಸೂಚಕ. ಪಿಎಚ್ 3.0ಕ್ಕಿಂತ ಕೆಳಗೆ ನೀಲಿ, 5.2ಕ್ಕಿಂತ ಮೇಲೆ ಕೆಂಪು, ನಡುವೆ ನೇರಳೆ. ಆಮ್ಲದ ಪ್ರೋಟಾನ್ ಅಣುವಿಗೆ ಸೇರಿಕೊಂಡಾಗ ಅದರ ಎಲೆಕ್ಟ್ರಾನುಗಳ ಹಂಚಿಕೆ ಬದಲಾಗಿ, ಹೀರುವ ಬೆಳಕು ಹೆಚ್ಚಿನ ತರಂಗಾಂತರದತ್ತ ಸರಿಯುತ್ತದೆ. ತಟಸ್ಥ ನೀರಿನಲ್ಲಿ ಈ ಬಣ್ಣ ಹೆಚ್ಚಾಗಿ ಹೀರುವುದು ಸುಮಾರು 497 ನ್ಯಾನೋಮೀಟರ್‌ನ ನೀಲಿ-ಹಸಿರು ಬೆಳಕನ್ನು, ಅದರಿಂದಾಗಿಯೇ ನಮ್ಮ ಕಣ್ಣಿಗೆ ಕೆಂಪು. ಇಲ್ಲಿ ಶಿಕ್ಷಕರು ಒಂದು ಎಚ್ಚರ ವಹಿಸಬೇಕು. ಲಿಟ್ಮಸ್ ಆಮ್ಲದಲ್ಲಿ ಕೆಂಪು, ಪ್ರತ್ಯಾಮ್ಲದಲ್ಲಿ ನೀಲಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿ ಬಂದ ಮಕ್ಕಳಿಗೆ ಕಾಂಗೋ ರೆಡ್ ಇದಕ್ಕೆ ನೇರ ವಿರುದ್ಧವಾಗಿ ನಡೆದುಕೊಳ್ಳುವುದು ದೊಡ್ಡ ಗೊಂದಲ ತರುತ್ತದೆ. ಕಾಂಗೋ ರೆಡ್ ಹೀರಿಸಿದ ಕಾಗದ ನೀಲಿಯಾದುದನ್ನು ನೋಡಿ ದ್ರಾವಣ ಪ್ರತ್ಯಾಮ್ಲೀಯ ಎಂದು ಬರೆದಿಟ್ಟ ದಾಖಲೆ ಪುಸ್ತಕಗಳನ್ನು ನಾನು ಎಷ್ಟೋ ತಿದ್ದಿದ್ದೇನೆ. ಆ ಗೊಂದಲ ಒಳ್ಳೆಯದೇ, ಬಣ್ಣಕ್ಕೂ ಆಮ್ಲತೆಗೂ ಇರುವ ನಂಟು ಅಣುವಿನಿಂದ ಅಣುವಿಗೆ ಬೇರೆ ಎಂಬುದು ಆಗ ಮನಸ್ಸಿಗೆ ನಾಟುತ್ತದೆ.

ಸೂಚಕವಾಗಿ ಇದಕ್ಕೆ ನಾನು ಕೊಡುವ ಸ್ಥಾನ ಮಾತ್ರ ಮಧ್ಯಮ. ಕಾಂಗೋ ಕಾಗದ ಪ್ರಬಲ ಆಮ್ಲವನ್ನು ಒಂದೇ ನೋಟಕ್ಕೆ ಹೇಳಿಬಿಡುತ್ತದೆ. ಡಯಜೋ ಕ್ರಿಯೆ ನಡೆಸುವಾಗ ಮಿಶ್ರಣದಲ್ಲಿ ಆಮ್ಲ ಸಾಕಷ್ಟಿದೆಯೇ ಎಂದು ನೋಡಲು ಬಣ್ಣ ತಯಾರಿಸುವವರು ಇದನ್ನು ನೆಚ್ಚಿಕೊಂಡಿದ್ದಾರೆ, ನಾವೂ ನೆಚ್ಚಿಕೊಂಡಿದ್ದೇವೆ. ಬ್ಯೂರೆಟ್ ಹಿಡಿದು ಹನಿ ಎಣಿಸುವ ಟೈಟ್ರೇಷನ್‌ಗೆ ಬಂದರೆ ಕಥೆ ಬೇರೆ. ಕೆಂಪಿನಿಂದ ನೇರಳೆ, ನೇರಳೆಯಿಂದ ನೀಲಿ ಎಂಬ ಪಯಣ ನಿಧಾನ, ಅಂತ್ಯಬಿಂದು ಎಲ್ಲಿ ಎಂದು ಇಬ್ಬರು ಒಪ್ಪುವುದು ಕಷ್ಟ. ದ್ರಾವಣದಲ್ಲಿ ಉಪ್ಪು ಹೆಚ್ಚಿದ್ದರೆ ಬಣ್ಣದ ಅಣುಗಳು ಒಂದರ ಮೇಲೊಂದು ಗುಂಪುಗೂಡಿ ಕೆಸರಿನಂತೆ ಇಳಿಯುವುದೂ ಉಂಟು. ಹೆಚ್ಚುಕಡಿಮೆ ಇದೇ ವ್ಯಾಪ್ತಿಯಲ್ಲಿ, ಅಂದರೆ 3.0ರಿಂದ 4.6ರೊಳಗೆ, ಹಳದಿಯಿಂದ ನೀಲಿಗೆ ಸ್ಪಷ್ಟವಾಗಿ ಹಾರುವ ಬ್ರೋಮೋಫಿನಾಲ್ ಬ್ಲೂ ಇರುವಾಗ ಟೈಟ್ರೇಷನ್‌ಗೆ ಕಾಂಗೋ ರೆಡ್ ಕೊಳ್ಳುವುದು ವ್ಯರ್ಥ.

ಇನ್ನು ಸೂಕ್ಷ್ಮದರ್ಶಕದ ಅಡಿಗೆ ಬಂದರೆ ನನ್ನ ಧಾಟಿಯೇ ಬದಲಾಗುತ್ತದೆ, ಇಲ್ಲಿ ಈ ಪುಡಿಗೆ ಸಾಟಿಯಿಲ್ಲ. ಬೇಯಿಸಿದ ಯೀಸ್ಟನ್ನು ಕಾಂಗೋ ರೆಡ್‌ನಲ್ಲಿ ಅದ್ದಿ, ಆರಿಸಿ, ಅದರ ಒಂದು ಹನಿಯನ್ನು ಪ್ಯಾರಮೀಸಿಯಂ ಇರುವ ನೀರಿನ ಹನಿಗೆ ಸೇರಿಸಿ ನೋಡಿ. ಚಪ್ಪಲಿಯಾಕಾರದ ಆ ಜೀವಿ ಬಾಯಿಯ ಬಳಿ ಕೆಂಪು ಕಣಗಳನ್ನು ಗುಡ್ಡೆ ಹಾಕಿಕೊಳ್ಳುತ್ತದೆ; ಗುಡ್ಡೆ ಒಂದು ಗುಂಡಾಗಿ ಒಳಗೆ ಜಾರುತ್ತದೆ; ಆ ಗುಂಡು, ಅಂದರೆ ಆಹಾರ ಕುಹರ, ದೇಹದೊಳಗೆ ಸುತ್ತು ಹೊರಟು ಕೆಲವು ನಿಮಿಷಗಳಲ್ಲಿ ನೇರಳೆಯಾಗಿ ಆಮೇಲೆ ನೀಲಿಯಾಗುತ್ತದೆ. ಒಳಗೆ ಆಮ್ಲ ಸುರಿಯುತ್ತಿದೆ ಎಂದು ಅದು ನಮಗೆ ಹೇಳುತ್ತಿರುತ್ತದೆ. ಇನ್ನಷ್ಟು ಹೊತ್ತು ಕಾದರೆ ಅದೇ ಕುಹರ ಮತ್ತೆ ಕೆಂಪಿಗೆ ಮರಳುತ್ತದೆ. ಒಂದೇ ಕೋಶದ ಜೀವಿಯ ಒಳಗೆ ಕೆಂಪು, ನೇರಳೆ, ನೀಲಿ ಗುಂಡುಗಳು ಒಟ್ಟಿಗೇ ತೇಲುತ್ತಿರುವ ಆ ನೋಟವನ್ನು ಕಂಡ ವಿದ್ಯಾರ್ಥಿಗಳು ಸೂಕ್ಷ್ಮದರ್ಶಕವನ್ನು ಮುಂದಿನವರಿಗೆ ಬಿಟ್ಟುಕೊಡಲು ಒಪ್ಪುವುದಿಲ್ಲ. ಜೀರ್ಣಕ್ರಿಯೆಯ ಬಗ್ಗೆ ನಾನು ಒಂದು ಗಂಟೆ ಹೇಳುವುದಕ್ಕಿಂತ ಹೆಚ್ಚನ್ನು ಆ ಒಂದು ಹನಿ ಹೇಳುತ್ತದೆ.

ರೋಗಶಾಸ್ತ್ರದಲ್ಲಿ ಇದರ ಸ್ಥಾನ ಇನ್ನೂ ದೊಡ್ಡದು. ಅಮೈಲಾಯ್ಡ್ ಎಂಬುದು ತಪ್ಪಾಗಿ ಮಡಿಚಿಕೊಂಡ ಪ್ರೋಟೀನುಗಳ ನಾರಿನಂಥ ಶೇಖರಣೆ; ಮೂತ್ರಪಿಂಡ, ಹೃದಯ, ಮಿದುಳು ಮುಂತಾದ ಅಂಗಗಳಲ್ಲಿ ಸೇರಿಕೊಂಡು ಅವುಗಳ ಕೆಲಸ ಕೆಡಿಸುತ್ತದೆ. ಬೆನ್‌ಹೋಲ್ಡ್ ಎಂಬ ಜರ್ಮನ್ ವೈದ್ಯ 1922ರಲ್ಲಿ ಕಾಂಗೋ ರೆಡ್ ಅಮೈಲಾಯ್ಡನ್ನು ಹಿಡಿಯುತ್ತದೆ ಎಂದು ತೋರಿಸಿದ. 1927ರಲ್ಲಿ ಬೆಲ್ಜಿಯಂನ ದಿವ್ರಿ ಮತ್ತು ಫ್ಲೋರ್ಕಿನ್, ಹೀಗೆ ಬಣ್ಣ ಹಿಡಿದ ಅಮೈಲಾಯ್ಡ್ ಧ್ರುವೀಕೃತ ಬೆಳಕಿನಲ್ಲಿ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನಲ್ಲಿ, ವಿಶೇಷವಾಗಿ ಹೊಳೆಯುತ್ತದೆ ಎಂದು ಕಂಡರು. ರೋಗಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರು ನಮ್ಮ ಬಾಟಲಿಯ ಪುಡಿಯಿಂದಲೇ ಮೂತ್ರಪಿಂಡದ ಛೇದವೊಂದಕ್ಕೆ, ಅಂದರೆ ತೆಳುವಾಗಿ ಕತ್ತರಿಸಿದ ಪದರಕ್ಕೆ, ಬಣ್ಣ ಹಾಕಿ ನನಗೆ ತೋರಿಸಿದರು. ಸಾಮಾನ್ಯ ಬೆಳಕಿನಲ್ಲಿ ಅಲ್ಲಲ್ಲಿ ಸಾಲ್ಮನ್ ಮೀನಿನ ಮಾಂಸದಂಥ ಗುಲಾಬಿ ಮಚ್ಚೆಗಳಿದ್ದವು, ಅಷ್ಟೇನೂ ಗಮನ ಸೆಳೆಯುವಂತಿರಲಿಲ್ಲ. ಅವರು ಎರಡು ಧ್ರುವೀಕಾರಕಗಳನ್ನು ಅಡ್ಡಲಾಗಿ ತಿರುಗಿಸಿದರು. ಕ್ಷೇತ್ರವೆಲ್ಲ ಕತ್ತಲಾಯಿತು, ಅದೇ ಮಚ್ಚೆಗಳು ಮಾತ್ರ ಹಸಿರು ಸೇಬಿನ ಬಣ್ಣದಲ್ಲಿ ಬೆಳಗಿದವು. ಅಂಗಾಂಶದ ಸಹಜ ನಾರುಗಳಾದ ಕೊಲಾಜೆನ್ ನಾರುಗಳೂ ಹೊಳೆಯುತ್ತವೆ, ಆದರೆ ಬೆಳ್ಳಗೆ. ಈ ಹಸಿರೇ ರೋಗನಿರ್ಣಯದ ಗುರುತು. ನಾರಿನ ಮೇಲೆ ಸಾಲಾಗಿ, ಒಂದೇ ದಿಕ್ಕಿನಲ್ಲಿ ಒರಗಿ ಕೂತ ಬಣ್ಣದ ಅಣುಗಳಿಂದಲೇ ಅದು ಸಾಧ್ಯವಾಗುತ್ತದೆ. ಹತ್ತಿಗೆ ಅಂಟಿದ ಅದೇ ಆಕಾರ, ಅದೇ ಒರಗುವ ಗುಣ ಇಲ್ಲಿ ರೋಗವನ್ನು ಹೆಸರಿಟ್ಟು ಕರೆಯುತ್ತಿದೆ. ಇಂಥ ಛೇದಗಳಿಗೆ ಬಣ್ಣ ಹಾಕುವವರಿಗೆ ಆ ಸಹೋದ್ಯೋಗಿಯಿಂದಲೇ ಕಲಿತ ಎರಡು ಮಾತು: ಛೇದ 8ರಿಂದ 10 ಮೈಕ್ರಾನ್ ದಪ್ಪವಿರಲಿ, ತೆಳುವಾದರೆ ಹಸಿರು ಕಾಣದೆ ಹೋಗಬಹುದು, ಕ್ಷಾರ ಬೆರೆಸಿದ ದ್ರಾವಣವನ್ನು ಆಗಿಂದಾಗಲೇ ಬಳಸಿ.

ಸೂಕ್ಷ್ಮಜೀವಿಶಾಸ್ತ್ರದವರಿಗೂ ಇದು ಕೈಯಾಳು. ಸೆಲ್ಯುಲೋಸ್ ಕಡಿಯುವ ಕಿಣ್ವವಿರುವ ಬ್ಯಾಕ್ಟೀರಿಯಾವನ್ನು ಹುಡುಕಲು, ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಬೆರೆಸಿದ ಅಗರ್ ತಟ್ಟೆಯ ಮೇಲೆ 0.1 ಪ್ರತಿಶತ ಕಾಂಗೋ ರೆಡ್ ಸುರಿದು, ಕಾಲು ಗಂಟೆ ಬಿಟ್ಟು, ಉಪ್ಪುನೀರಿನಿಂದ ತೊಳೆದರೆ ಸಾಕು. ಸರಪಳಿ ಉಳಿದಲ್ಲಿ ಕೆಂಪು ನಿಲ್ಲುತ್ತದೆ, ಕಿಣ್ವ ಅದನ್ನು ತುಂಡರಿಸಿದಲ್ಲಿ ತಿಳಿಹಳದಿ ವರ್ತುಲ ತೆರೆಯುತ್ತದೆ. ಬೇಳೆಕಾಳು ಗಿಡಗಳ ಬೇರುಗಂಟಿನ ರೈಜೋಬಿಯಂ ಅನ್ನು ಬೇರ್ಪಡಿಸುವಾಗಲೂ ಮಾಧ್ಯಮಕ್ಕೆ ಇದನ್ನು ಸೇರಿಸುತ್ತಾರೆ. ರೈಜೋಬಿಯಂ ಬಣ್ಣವನ್ನು ಅಷ್ಟಾಗಿ ಹೀರದೆ ಬಿಳುಪಾಗಿ ಉಳಿದರೆ, ನಡುವೆ ನುಸುಳಿದ ಇತರ ಅನೇಕ ಬ್ಯಾಕ್ಟೀರಿಯಾಗಳು ಕೆಂಪಾಗಿ ಸಿಕ್ಕಿಬೀಳುತ್ತವೆ.

ಈಗ ಅಪಾಯದ ಮಾತು, ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. ಈ ಅಣುವಿನ ನಡುಬೆನ್ನು ಬೆಂಜಿಡಿನ್, ಮತ್ತು ಬೆಂಜಿಡಿನ್ ಮನುಷ್ಯರಲ್ಲಿ ಮೂತ್ರಕೋಶದ ಕ್ಯಾನ್ಸರ್ ತರುತ್ತದೆ. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗೆಡ್ಡೆಗಳನ್ನು ಫ್ರಾಂಕ್‌ಫರ್ಟ್‌ನ ಶಸ್ತ್ರವೈದ್ಯ ಲುಡ್ವಿಗ್ ರೇನ್ 1895ರಲ್ಲೇ ವರದಿ ಮಾಡಿದ್ದ. ಕಾಂಗೋ ರೆಡ್ ದೇಹದೊಳಗೆ ಹೋದರೆ ಕರುಳಿನ ಬ್ಯಾಕ್ಟೀರಿಯಾಗಳೂ ಯಕೃತ್ತಿನ ಕಿಣ್ವಗಳೂ ಅಜೋ ಸೇತುವೆಗಳನ್ನು ಮುರಿದು ಬೆಂಜಿಡಿನ್ ಅನ್ನು ಬಿಡುಗಡೆ ಮಾಡುತ್ತವೆ. ಬೆಂಜಿಡಿನ್ ಆಗಿ ಒಡೆಯುವ ಬಣ್ಣಗಳೆಲ್ಲವನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ಮೊದಲ ಗುಂಪಿನಲ್ಲಿ ಇರಿಸಿದೆ. ಮೈಗೆ ತಾಗುವ ಬಟ್ಟೆಯಲ್ಲಿ ಅಜೋ ಬಣ್ಣಗಳಿಂದ ಬಿಡುಗಡೆಯಾಗುವ ಇಂಥ ಅಮೈನುಗಳು ಪ್ರತಿ ಕಿಲೋಗ್ರಾಂಗೆ 30 ಮಿಲಿಗ್ರಾಂ ಮೀರಬಾರದೆಂದು ಯುರೋಪಿಯನ್ ಒಕ್ಕೂಟ 2002ರ ನಿರ್ದೇಶನದಲ್ಲಿ ಮಿತಿ ಹಾಕಿತು. ಮನೆಯಲ್ಲಿ ನೂಲು ಅದ್ದುವ ಹವ್ಯಾಸಿಗಳು ಹಳೆಯ ಬಣ್ಣಗಾರಿಕೆಯ ಕೈಪಿಡಿಗಳನ್ನು ನೋಡಿ ಈ ಪುಡಿಯನ್ನು ತರಿಸಿಕೊಳ್ಳಬಾರದು. ನನ್ನ ಲಡಿಯ ಪರೀಕ್ಷೆ ನಡೆದದ್ದು ಕೈಗವಸು ತೊಟ್ಟು, ಹೊಗೆ ಹೀರುವ ಫ್ಯೂಮ್ ಹುಡ್ ಒಳಗೆ, ಆಮೇಲೆ ಆ ನೂಲು ಅಪಾಯಕಾರಿ ತ್ಯಾಜ್ಯದ ಡಬ್ಬಿಗೆ ಹೋಯಿತು.

ಇನ್ನೊಂದು ತಪ್ಪು ಕಲ್ಪನೆ ಪ್ರಯೋಗಾಲಯಗಳಲ್ಲೇ ಇದೆ. ಉಳಿದ ಕೆಂಪು ದ್ರಾವಣಕ್ಕೆ ಸೋಡಿಯಂ ಡೈಥಯೊನೈಟ್ ಹಾಕಿದರೆ ಬಣ್ಣ ಹೋಗಿ ನೀರು ತಿಳಿಯಾಗುತ್ತದೆ, ಆಮೇಲೆ ಮೋರಿಗೆ ಸುರಿಯಬಹುದು ಎಂದು ನಂಬಿದವರಿದ್ದಾರೆ. ಬಣ್ಣ ಹೋಗುವುದು ಅಜೋ ಸೇತುವೆ ಮುರಿದದ್ದರಿಂದ. ಹಾಗೆ ಮುರಿದಾಗ ಆ ತಿಳಿನೀರಿನಲ್ಲಿ ಉಳಿಯುವುದು ಬೆಂಜಿಡಿನ್. ಕೆಂಪು ನೀರಿಗಿಂತ ಆ ತಿಳಿನೀರಿಗೇ ಹೆಚ್ಚು ಹೆದರಬೇಕು.

ಕೊಳ್ಳುವವರಿಗೆ ಹೇಳಬೇಕಾದದ್ದು ಚೀಟಿಯ ಬಗ್ಗೆ. ಒಮ್ಮೆ ಒಬ್ಬ ಪೂರೈಕೆದಾರರಿಂದ ನಮಗೆ ಬಂದ ಬಾಟಲಿಯಲ್ಲಿ ಪುಡಿ ತೇವ ಹೀರಿ ಗಂಟುಗಟ್ಟಿತ್ತು, ಬ್ಯಾಚ್ ಸಂಖ್ಯೆಯಿರಲಿಲ್ಲ, ಬಣ್ಣದ ಅಂಶ ಎಷ್ಟು ಪ್ರತಿಶತ ಎಂದು ನಮೂದಿಸಿರಲಿಲ್ಲ, ಕ್ಯಾನ್ಸರ್ ಎಚ್ಚರಿಕೆಯ ಚಿಹ್ನೆಯಂತೂ ಇರಲೇ ಇಲ್ಲ. ತೂಗಿ ಕರಗಿಸಿದ ದ್ರಾವಣ ಕಲರಿಮೀಟರಿನಲ್ಲಿ ಹಿಂದಿನ ಬಾಟಲಿಗಿಂತ ಬಹಳ ತೆಳುವಾಗಿ ಕಂಡಿತು; ಇಂಥ ಪುಡಿಗಳಲ್ಲಿ ಸೋಡಿಯಂ ಕ್ಲೋರೈಡ್ ಅಥವಾ ಸಲ್ಫೇಟ್ ಬೆರೆತಿರುವುದು ಸಾಮಾನ್ಯ, ಆದರೆ ಎಷ್ಟು ಎಂಬುದನ್ನು ಹೇಳದೆ ಮಾರುವುದು ಸರಿಯಲ್ಲ. ಅದನ್ನು ಹಿಂದಿರುಗಿಸಿದೆವು. ಅಮೈಲಾಯ್ಡ್ ಛೇದಗಳಿಗೆ ಬೇಕಿದ್ದರೆ ಪ್ರಯೋಗಾಲಯದ ಬಣ್ಣಗಳನ್ನು ಪರೀಕ್ಷಿಸುವ ಬಯಲಾಜಿಕಲ್ ಸ್ಟೇನ್ ಕಮಿಷನ್ ಪ್ರಮಾಣೀಕರಿಸಿದ ಬ್ಯಾಚಿನ ಪುಡಿಯನ್ನೇ ಕೇಳಿ. ರೋಗಶಾಸ್ತ್ರ ಮತ್ತು ಸೂಕ್ಷ್ಮಜೀವಿ ವಿಭಾಗಗಳಿಗೆ ಐದಕ್ಕೆ ಐದು ಅಂಕ, ಆಮ್ಲ ಪರೀಕ್ಷೆಯ ಕಾಗದಕ್ಕೆ ಮೂರು, ಬಟ್ಟೆಗೆ ಸೊನ್ನೆ. 25 ಗ್ರಾಂ ಬಾಟಲಿ ಮಧ್ಯಮ ಗಾತ್ರದ ಪ್ರಯೋಗಾಲಯಕ್ಕೆ ವರ್ಷಗಟ್ಟಲೆ ಬರುತ್ತದೆ, ಅದಕ್ಕಿಂತ ದೊಡ್ಡದನ್ನು ಕೊಂಡು ಇಟ್ಟುಕೊಳ್ಳಬೇಡಿ. ನಮ್ಮಲ್ಲಿ ಪುಡಿಯನ್ನು ತೂಗುವುದು ವರ್ಷಕ್ಕೊಮ್ಮೆ, ಒಬ್ಬರೇ, ಗವಸು ಮತ್ತು ಮುಖಗವಸು ತೊಟ್ಟು ಫ್ಯೂಮ್ ಹುಡ್ ಒಳಗೆ. ಆಮೇಲೆ ವಿದ್ಯಾರ್ಥಿಗಳ ಕೈಗೆ ಹೋಗುವುದು 0.1 ಪ್ರತಿಶತದ ದ್ರಾವಣ ಮಾತ್ರ, ಬಾಟಲಿ ಕಪಾಟಿನೊಳಗೆ ಬೀಗದಲ್ಲಿರುತ್ತದೆ.